ಕ್ರಿಸ್ಮಸ್ ಸೂರ್ಯನ ಹಬ್ಬದಿಂದ ಕದ್ದದ್ದೇ?

ಪ್ರಶ್ನೆ: ಡಿಸೆಂಬರ್ 25 ಮೂಲದಲ್ಲಿ ರೋಮನ್ನರ ಸೂರ್ಯದೇವನ ಹುಟ್ಟಿದ ದಿನ, ಕಾನ್‌ಸ್ಟಂಟೈನ್ ಚಕ್ರವರ್ತಿ ಅದನ್ನೇ ಕ್ರಿಸ್ಮಸ್ ಮಾಡಿದ ಎನ್ನುತ್ತಾರೆ. ಹಾಗಾದರೆ ಇದು ಪೇಗನ್ (ಕ್ರೈಸ್ತ ಧರ್ಮಕ್ಕೆ ಮುಂಚಿನ ಹಲವು ದೇವರುಗಳ ಪೂಜಕರ) ಹಬ್ಬವೋ, ಕ್ರೈಸ್ತರ ಹಬ್ಬವೋ?

ಉತ್ತರ: ಅಂಗಡಿಗಳ ಮುಂದೆ ನಕ್ಷತ್ರದ ಗೂಡುದೀಪ ತೂಗುವ ಹೊತ್ತಿಗೆ ಸರಿಯಾಗಿ ಈ ಪ್ರಶ್ನೆ ಬಂದೇ ಬರುತ್ತದೆ. ಚುಟುಕಾಗಿ ಎಷ್ಟೋ ಸಲ ಉತ್ತರಿಸಿದ್ದೇನೆ. ಆದರೂ ವಾಟ್ಸ್‌ಆ್ಯಪ್‌ನಲ್ಲಿ ಅದೇ ಸಂದೇಶ, ಅದೇ ತಪ್ಪುಗಳೊಂದಿಗೆ, ಮರುವರ್ಷವೂ ಸುತ್ತುತ್ತದೆ. ಹಾಗಾಗಿ ಈ ಸಲ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಕೊನೆಯ ತನಕ ಓದಿ.

ಯಾವುದೇ ಹಬ್ಬ ತೆಗೆದುಕೊಳ್ಳಿ. ಅದರ ತಾರೀಖು ಒಂದು, ಅದನ್ನು ಮಾಡುವ ಕಾರಣ ಇನ್ನೊಂದು, ಆ ದಿನ ಮನೆಯಲ್ಲಿ ನಡೆಯುವ ಆಚರಣೆ ಮತ್ತೊಂದು. ಮೂರರ ವಯಸ್ಸೂ ಬೇರೆ. ಮೂರನ್ನೂ ಕಲಸಿ ‘ಮೂಲ ಯಾವುದು’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಯೇಸುವಿನ ಹುಟ್ಟನ್ನು ಕೊಂಡಾಡುವುದು ಕ್ರೈಸ್ತರದೇ ಸಂಗತಿ. ಬೈಬಲ್‌ನಲ್ಲಿ ಹುಟ್ಟಿದ ತಾರೀಖಿಲ್ಲ ಎಂಬುದೂ ನಿಜ. ಜಗಳವಿರುವುದು ತಾರೀಖಿನದು.

ಕದ್ದ ಕಥೆ ಹೇಳುವವರು ಸಾಮಾನ್ಯವಾಗಿ ಮೂರು ಹೆಸರು ಹೇಳುತ್ತಾರೆ. ಮೊದಲನೆಯದು ಸ್ಯಾಟರ್ನೇಲಿಯ. ಅದು ಡಿಸೆಂಬರ್ 17ಕ್ಕೆ ಶುರುವಾಗುತ್ತಿದ್ದ, ಸ್ಯಾಟರ್ನ್ ಎಂಬ ರೋಮನ್ ದೇವರ ಹಬ್ಬ, ಹಿಗ್ಗಿದಾಗಲೂ 23ಕ್ಕೆ ಮುಗಿಯುತ್ತಿತ್ತು. 25 ಅದರೊಳಗೆ ಬರುವುದೇ ಇಲ್ಲ. ಎರಡನೆಯದು ಮಿಥ್ರಾಸ್. ಈ ದೇವರು ‘ಡಿಸೆಂಬರ್ 25ರಂದು ಕನ್ಯೆಗೆ ಹುಟ್ಟಿದ’ ಎಂದು ಬಲು ವಿಶ್ವಾಸದಿಂದ ಬರೆಯುತ್ತಾರೆ. ರೋಮನ್ನರು ಕೆತ್ತಿದ ಶಿಲ್ಪಗಳನ್ನು ನೋಡಿ: ಮಿಥ್ರಾಸ್ ಬಂಡೆಯೊಳಗಿಂದ ಎದ್ದು ಬರುತ್ತಾನೆ, ಒಂದು ಕೈಯಲ್ಲಿ ಪಂಜು, ಇನ್ನೊಂದರಲ್ಲಿ ಕಠಾರಿ. ತಾಯಿಯೇ ಇಲ್ಲ. ಅವನು ಹುಟ್ಟಿದ್ದು ಡಿಸೆಂಬರ್ 25ಕ್ಕೆ ಎಂದು ಹೇಳುವ ಪ್ರಾಚೀನ ಬರಹವೂ ಇಲ್ಲ.

ಮೂರನೆಯದಕ್ಕೆ ಸ್ವಲ್ಪ ಹುರುಳಿದೆ, ಆದ್ದರಿಂದಲೇ ಅದು ಹಟ ಹಿಡಿದು ಕೂತಿದೆ. ಔರೇಲಿಯನ್ ಚಕ್ರವರ್ತಿ 274ರಲ್ಲಿ ರೋಮ್‌ನಲ್ಲಿ ‘ಅಜೇಯ ಸೂರ್ಯ’ನಿಗೆ ದೊಡ್ಡ ಗುಡಿ ಕಟ್ಟಿಸಿದ. ಸರಿ. ಆದರೆ ಆ ಸೂರ್ಯನ ಹುಟ್ಟುಹಬ್ಬ ಡಿಸೆಂಬರ್ 25 ಎಂದು ಔರೇಲಿಯನ್ ಸಾರಿದ್ದಕ್ಕೆ ಅವನ ಕಾಲದ ದಾಖಲೆ ಇಲ್ಲ. ನಮಗೆ ಸಿಗುವ ಮೊದಲ ಬರಹ 354ರ ಒಂದು ಪಂಚಾಂಗ. ರೋಮ್‌ನ ಶ್ರೀಮಂತ ಕ್ರೈಸ್ತನೊಬ್ಬನಿಗಾಗಿ ಫಿಲೋಕಾಲಸ್ ಎಂಬ ಲಿಪಿಕಾರ ಸಿದ್ಧಮಾಡಿದ ಪುಸ್ತಕ ಅದು. ಡಿಸೆಂಬರ್ 25ರ ಎದುರಿಗೆ ಅಲ್ಲಿರುವುದು ಒಂದೇ ಸಾಲು: ಅಜೇಯನ ಜನ್ಮದಿನ, 30 ರಥದೋಟ. ಇಷ್ಟೇ. ಈಗ ಅದೇ ಪುಸ್ತಕದ ಹಾಳೆ ತಿರುಗಿಸಿ. ಹುತಾತ್ಮರ ದಿನಗಳ ಪಟ್ಟಿಯೊಂದಿದೆ. ಅದರ ತಲೆಯಲ್ಲೇ, ಅದೇ ತಾರೀಖಿಗೆ, ಯೂದಾಯದ ಬೆತ್ಲೆಹೇಮಿನಲ್ಲಿ ಕ್ರಿಸ್ತ ಹುಟ್ಟಿದ ಎಂದು ಬರೆದಿದೆ. ವಿದ್ವಾಂಸರ ಲೆಕ್ಕದಂತೆ ಆ ಪಟ್ಟಿ 336ರಲ್ಲಿ ತಯಾರಾದದ್ದು. ಅಂದರೆ ಎರಡೂ ಹಬ್ಬಗಳ ಮೊದಲ ಸಾಕ್ಷಿ ಒಂದೇ ಪುಸ್ತಕದ ಎರಡು ಪುಟಗಳಲ್ಲಿದೆ. ಇಷ್ಟನ್ನು ಇಟ್ಟುಕೊಂಡು ಯಾರು ಯಾರಿಂದ ಕದ್ದರೆಂದು ತೀರ್ಪು ಕೊಡುವುದು ಹೇಗೆ?

ಕಾನ್‌ಸ್ಟಂಟೈನನ ಮಾತಿಗೆ ಬರೋಣ. 321ರಲ್ಲಿ ಅವನು ಭಾನುವಾರದ ರಜೆಗೆ ಕಾನೂನು ಮಾಡಿದ್ದು ಹೌದು. ಡಿಸೆಂಬರ್ 25ರ ಬಗ್ಗೆ ಅವನು ಹೊರಡಿಸಿದ ಆಜ್ಞೆ ಯಾವುದೂ ಇಲ್ಲ. ಇನ್ನೂ ಗಟ್ಟಿಯಾದ ಸಂಗತಿ ಕೇಳಿ. ಅವನು ತನ್ನ ಹೆಸರಿನಲ್ಲೇ ಕಟ್ಟಿದ ಕಾನ್‌ಸ್ಟಾಂಟಿನೋಪಲ್ ನಗರಕ್ಕೆ ಈ ಹಬ್ಬ ಬಂದದ್ದು ಸುಮಾರು 380ರಲ್ಲಿ, ಅವನು ತೀರಿಕೊಂಡು 40 ವರ್ಷ ಕಳೆದ ಮೇಲೆ. ಸಿರಿಯಾ ಸೀಮೆಯ ಆಂಟಿಯೋಕ್ ನಗರದಲ್ಲಿ 386ರಲ್ಲಿ ಜಾನ್ ಕ್ರಿಸೊಸ್ಟಮ್ ಎಂಬ ಪಾದ್ರಿ ಪ್ರವಚನ ಮಾಡುತ್ತ, ಈ ದಿನ ನಮಗೆ ಗೊತ್ತಾಗಿ ಇನ್ನೂ ಹತ್ತು ವರ್ಷವಾಗಿಲ್ಲ ಎನ್ನುತ್ತಾನೆ. ಚಕ್ರವರ್ತಿಯೇ ಹಬ್ಬ ಮಾಡಿಸಿದ್ದರೆ ಅವನ ಸ್ವಂತ ರಾಜಧಾನಿಗೆ ಅದು ತಲುಪಲು ಇಷ್ಟು ಕಾಲ ಯಾಕೆ ಬೇಕಾಯಿತು? ಕದ್ದ ಕಥೆ ಹೇಳುವವರು ಈ ಪ್ರಶ್ನೆಗೆ ಉತ್ತರ ಕೊಟ್ಟದ್ದನ್ನು ನಾನು ಕಂಡಿಲ್ಲ.

ಹಾಗಾದರೆ 25 ಎಲ್ಲಿಂದ ಬಂತು? ನನಗೆ ಹೆಚ್ಚು ಒಪ್ಪಿಗೆಯಾಗುವ ವಿವರಣೆ ಲೆಕ್ಕದ್ದು. ಯೇಸು ಶಿಲುಬೆಯಲ್ಲಿ ಸತ್ತದ್ದು ಮಾರ್ಚ್ 25ಕ್ಕೆ ಎಂದು ಆಫ್ರಿಕಾದ ಕಾರ್ಥೇಜಿನಲ್ಲಿ ಕ್ರೈಸ್ತ ಲೇಖಕ ಟೆರ್ಟುಲಿಯನ್ ಕಾಲಕ್ಕೇ, ಅಂದರೆ 200ರ ಆಸುಪಾಸಿನಲ್ಲೇ, ನಂಬಿಕೆಯಿತ್ತು. ಸತ್ತ ದಿನವೇ ಗರ್ಭದಲ್ಲಿ ಮೂಡಿದ ದಿನವೂ ಹೌದು ಎಂದು ಮುಂದೆ ಬಿಷಪ್ ಅಗಸ್ಟೀನ್ ಸ್ಪಷ್ಟವಾಗಿ ಬರೆಯುತ್ತಾನೆ. ಮಾರ್ಚ್ 25ಕ್ಕೆ ಒಂಬತ್ತು ತಿಂಗಳು ಕೂಡಿಸಿ ನೋಡಿ. ಪೂರ್ವದ ಕೆಲವರು ಸಾವಿನ ದಿನವನ್ನು ಏಪ್ರಿಲ್ 6 ಎಂದು ಹಿಡಿದರು. ಅದಕ್ಕೆ ಒಂಬತ್ತು ತಿಂಗಳು ಕೂಡಿಸಿದರೆ ಜನವರಿ 6. ಅರ್ಮೇನಿಯದ ಚರ್ಚು ಇಂದಿಗೂ ಅದೇ ದಿನ ಕ್ರಿಸ್ತಜಯಂತಿ ಮಾಡುತ್ತದೆ. ಸೂರ್ಯನ ನೆರಳು ಪೂರ್ತಿ ಇಲ್ಲವೆಂದು ನಾನು ಹೇಳುವುದಿಲ್ಲ. ರೋಮನ್ನರ ಕ್ಯಾಲೆಂಡರಿನಲ್ಲಿ ಡಿಸೆಂಬರ್ 25 ಚಳಿಗಾಲದ ಅಯನದ, ಅಂದರೆ ಹಗಲು ಮತ್ತೆ ಬೆಳೆಯತೊಡಗುವ ದಿನವಾಗಿತ್ತು, ಕ್ರಿಸ್ತನನ್ನು ನೀತಿಸೂರ್ಯ ಎಂದು ಕರೆಯುವುದು ಕ್ರೈಸ್ತರಿಗೆ ಇಷ್ಟವೇ ಆಗಿತ್ತು. 5ನೇ ಶತಮಾನದಲ್ಲಿ ಪೋಪ್ ಲಿಯೋ, ಸಂತ ಪೇತ್ರರ ದೇವಾಲಯದ ಮೆಟ್ಟಿಲೇರಿ ಸೂರ್ಯನ ಕಡೆ ತಿರುಗಿ ತಲೆಬಾಗುತ್ತಿದ್ದ ತನ್ನದೇ ಭಕ್ತರನ್ನು ಗದರಿದ್ದಾನೆ. ಅಕ್ಕಪಕ್ಕದಲ್ಲಿ ಬದುಕುವವರ ನಡುವೆ ಇಂಥದ್ದು ಆಗುತ್ತದೆ. ಅದನ್ನು ಕಳ್ಳತನ ಎನ್ನುವುದು ತಪ್ಪು.

ಈ ಆರೋಪವನ್ನು ಮೊದಲು ಜೋರಾಗಿ ಹೊರಿಸಿದವರು ಯಾರೆಂದು ತಿಳಿದರೆ ನಿಮಗೆ ಆಶ್ಚರ್ಯವಾಗಬಹುದು: ಕ್ರೈಸ್ತರೇ. ಕ್ಯಾಥೊಲಿಕರ ಹಬ್ಬಗಳನ್ನು ಕಂಡರಾಗದ ಪ್ಯೂರಿಟನ್ ಪ್ರಾಟೆಸ್ಟಂಟರು. ಇಂಗ್ಲೆಂಡಿನ ಪಾರ್ಲಿಮೆಂಟ್ 1647ರಲ್ಲಿ ಕ್ರಿಸ್ಮಸ್ಸನ್ನು ರದ್ದು ಮಾಡಿತು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1659ರಿಂದ 1681ರ ತನಕ ಹಬ್ಬ ಮಾಡಿದವರಿಗೆ ಐದು ಶಿಲ್ಲಿಂಗ್ ದಂಡ. 1687ರಲ್ಲಿ ಬಾಸ್ಟನ್ನಿನ ಪಾದ್ರಿ ಇನ್‌ಕ್ರೀಸ್ ಮೇದರ್, ಈ ದಿನ ಸ್ಯಾಟರ್ನೇಲಿಯದಿಂದ ಬಂದದ್ದು ಎಂದು ಬರೆದ. ಇಂದು ನಮ್ಮ ಮೊಬೈಲಿಗೆ ಕನ್ನಡದಲ್ಲಿ ಬರುವ ಸಂದೇಶ ಆ ಹಳೇ ಒಳಜಗಳದ ಮರುಪ್ರಸಾರ.

ಕ್ರಿಸ್ಮಸ್ ಮರದ ಬಗ್ಗೆಯೂ ಕೇಳುತ್ತೀರಿ. ಅದು ಈಗ ಫ್ರಾನ್ಸಿನಲ್ಲಿರುವ ಆಲ್ಸೇಸ್ ಸೀಮೆಯ 16-17ನೇ ಶತಮಾನದ ದಾಖಲೆಗಳಲ್ಲಿ ಕಾಣಿಸಿಕೊಳ್ಳುವ ಪದ್ಧತಿ. ರೋಮನ್ನರ ಗುಡಿಗಳು ಮುಚ್ಚಿ ಸಾವಿರ ವರ್ಷವಾದ ಮೇಲಿನದು.

ಯಾರೂ ಕೇಳದಿದ್ದರೂ ನಮ್ಮ ಕರಾವಳಿಯ ಕ್ಯಾಥೊಲಿಕರ ಮೊಂತಿ ಹಬ್ಬದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ, ತಾರೀಖು ಬೇರೆ ಆಚರಣೆ ಬೇರೆ ಎಂಬುದು ಅಲ್ಲಿ ಕಣ್ಣಿಗೆ ಕಾಣುವಂತಿದೆ. ಸೆಪ್ಟೆಂಬರ್ 8 ಮರಿಯಮ್ಮನವರ ಹುಟ್ಟುಹಬ್ಬ. ಪೂರ್ವದ ಚರ್ಚುಗಳಲ್ಲಿ ಹುಟ್ಟಿ 7ನೇ ಶತಮಾನದ ಹೊತ್ತಿಗೆ ರೋಮ್ ಸೇರಿದ ದಿನ ಅದು. ಭತ್ತಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಮಂಗಳೂರು ಕಡೆ ಆ ದಿನ ಹೊಸ ತೆನೆಯೇ ಎಲ್ಲ. ಮಕ್ಕಳು ಒಂಬತ್ತು ದಿನ ಬುಟ್ಟಿಯಲ್ಲಿ ತಂದ ಹೂವನ್ನು ಮೂರ್ತಿಗೆ ಎರಚುತ್ತಾರೆ. ಹಬ್ಬದಂದು ಪಾದ್ರಿಗಳು ತೆನೆ ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ, ಮಕ್ಕಳ ಕೈಗೆ ಕಬ್ಬು. ಮನೆಗೆ ತಂದ ತೆನೆಯ ಕಾಳು ಸುಲಿದು ಪಾಯಸಕ್ಕೋ ತೆಂಗಿನ ಹಾಲಿಗೋ ಹಾಕಿ ಎಲ್ಲರೂ ಸೇವಿಸುತ್ತಾರೆ. ಊಟಕ್ಕೆ ಮೀನು ಮಾಂಸ ಇಲ್ಲ, ತರಕಾರಿಯೇ. ಪಕ್ಕದ ಮನೆಯ ತುಳುವರು ತೆನೆ ಕಟ್ಟಿ ಹೊಸಕ್ಕಿ ಊಟ ಮಾಡುವುದೂ ಹೆಚ್ಚುಕಡಿಮೆ ಇದೇ ಮಳೆಗಾಲದ ಕೊನೆಯಲ್ಲಿ. 1763ರಲ್ಲಿ ಫರಂಗಿಪೇಟೆಯ ಮೊಂತೆ ಮರಿಯಾನೊದಲ್ಲಿ ಫಾದರ್ ಜೋಕಿಂ ಮಿರಾಂದ ಇದನ್ನು ಶುರು ಮಾಡಿದರೆಂದು ಕರಾವಳಿಯಲ್ಲಿ ಹೇಳುತ್ತಾರೆ. ಈ ಸಮುದಾಯದ ಹಿರಿಯರು ಬಂದ ಗೋವಾದಲ್ಲಿ ತೆನೆ ಹಬ್ಬ ಇದ್ದೇ ಇದೆ, ಆದರೆ ಅಲ್ಲಿ ಅದು ಆಗಸ್ಟ್‌ನಲ್ಲಿ, ಊರಿಗೊಂದು ದಿನದಂತೆ, ಪೈರು ಮಾಗಿದಾಗ ನಡೆಯುತ್ತದೆ.