ಧರ್ಮದ ಪಾಠ ಇಲ್ಲದೆ ಬೆಳೆದವರಿಗೆ ಸರಿ-ತಪ್ಪು ತಿಳಿಯುವುದು ಹೇಗೆ?

ಓದುಗರ ಪ್ರಶ್ನೆ: ನಮ್ಮ ಮನೆಯಲ್ಲಿ ದೇವರು, ಧರ್ಮದ ಮಾತೇ ಇರಲಿಲ್ಲ. ಅಪ್ಪ ಅಮ್ಮ ಒಳ್ಳೆಯವರೇ, ಆದರೆ ಕೂರಿಸಿಕೊಂಡು ನೀತಿ ಹೇಳಿಕೊಟ್ಟವರಲ್ಲ. "ದೇವರ ಭಯವೇ ಇಲ್ಲ ಅಂದ್ರೆ ನಿನ್ನನ್ನ ತಡೆಯೋದು ಯಾರು?" ಅಂತ ಸ್ನೇಹಿತರು ಕೇಳಿದರೆ ಉತ್ತರ ಹೊಳೆಯುವುದಿಲ್ಲ. ನನ್ನದೇ ಅಂತ ಒಂದು ನೀತಿ ಬೇಕು. ಎಲ್ಲಿಂದ ಶುರು ಮಾಡಲಿ?

ಉತ್ತರ: ಶುರು ಆಗಲೇ ಆಗಿದೆ, ನಿಮಗೆ ನೆನಪಿಲ್ಲ ಅಷ್ಟೇ. ವಾರ್ನೆಕೆನ್ ಮತ್ತು ಟೊಮಸೆಲ್ಲೊ ಎಂಬ ಇಬ್ಬರು ಸಂಶೋಧಕರು 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಒಂದೂವರೆ ವರ್ಷದ ಮಕ್ಕಳ ಮುಂದೆ ದೊಡ್ಡವರೊಬ್ಬರು ಬಟ್ಟೆ ಕ್ಲಿಪ್ ಬೀಳಿಸಿ, ಕೈಗೆ ಎಟುಕದ ಹಾಗೆ ನಟಿಸುತ್ತಾರೆ. ಎಷ್ಟೋ ಮಕ್ಕಳು ತಾವಾಗಿಯೇ ಹೋಗಿ ಎತ್ತಿಕೊಟ್ಟವು. ಅದಕ್ಕೆ ಬಹುಮಾನವೇನೂ ಇರಲಿಲ್ಲ. ಬೇಕಂತಲೇ ಎಸೆದಾಗ ಮಾತ್ರ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಅಂದರೆ ಯಾರಿಗೆ ಸಹಾಯ ಬೇಕು ಅನ್ನೋದೂ ಅವಕ್ಕೆ ತಿಳಿದಿತ್ತು!

ಧಾರ್ಮಿಕ ಮನೆಗಳ ಮಕ್ಕಳ ಕಥೆ ಇನ್ನೂ ಸ್ವಾರಸ್ಯದ್ದು. ಲ್ಯಾರಿ ನುಚ್ಚಿ ಎಂಬ ಮನಶ್ಶಾಸ್ತ್ರಜ್ಞ ಅಮೆರಿಕದಲ್ಲಿ ಕಟ್ಟುನಿಟ್ಟಾದ ಆಮಿಷ್-ಮೆನೊನೈಟ್ ಎಂಬ ಕ್ರೈಸ್ತ ಪಂಗಡದ ಮಕ್ಕಳನ್ನು ಕೇಳಿದರು: ಭಾನುವಾರ ಕೆಲಸ ಮಾಡಬಾರದು ಅಂತ ದೇವರು ಹೇಳದೇ ಇದ್ದಿದ್ದರೆ? ಹಾಗಾದರೆ ಮಾಡಬಹುದು ಅಂದರು ಹೆಚ್ಚಿನವರು. ಕದಿಯಬಾರದು ಅಂತ ಹೇಳದೇ ಇದ್ದಿದ್ದರೆ? ಆಗಲೂ ತಪ್ಪೇ, ಕಳೆದುಕೊಂಡವರಿಗೆ ನಷ್ಟ ಆಗುತ್ತಲ್ಲ ಅಂದರು. ನಿಮ್ಮ ಸ್ನೇಹಿತರಿಗೆ ಇದನ್ನೇ ಹೇಳಿ. ಅವರನ್ನೂ ಕಳ್ಳತನದಿಂದ ತಡೆಯುತ್ತಿರುವುದು ಬರೀ ಭಯ ಅಲ್ಲ.

ಹಾಗಂತ ಧರ್ಮದಿಂದ ಏನೂ ಸಿಗುವುದಿಲ್ಲ ಅಂತ ನಾನು ಹೇಳುವುದಿಲ್ಲ. ಅದು ಆಗಾಗ ನೆನಪಿಸುತ್ತದೆ. ಕಷ್ಟ ಅಂದಾಗ ಓಡಿ ಬರುವ ಜನರನ್ನು ಕೊಡುತ್ತದೆ. ಇವೆರಡನ್ನು ನೀವೇ ಹೊಂದಿಸಿಕೊಳ್ಳಬೇಕು. ನಡತೆಯ ಮಟ್ಟಿಗೆ ಮಾತ್ರ ಚಿಂತೆ ಬೇಡ. 2014ರ ಒಂದು ಅಧ್ಯಯನದಲ್ಲಿ ಅಮೆರಿಕ, ಕೆನಡಾದ 1200ಕ್ಕೂ ಹೆಚ್ಚು ಜನರನ್ನು ದಿನಕ್ಕೆ ಹಲವು ಸಲ ಫೋನಿನಲ್ಲಿ ವಿಚಾರಿಸಿದರು, ಈಗಷ್ಟೇ ಏನಾದರೂ ಒಳ್ಳೆಯದು, ಕೆಟ್ಟದ್ದು ಮಾಡಿದಿರಾ ಅಂತ. ಆಸ್ತಿಕರ ಮತ್ತು ನಾಸ್ತಿಕರ ಉತ್ತರಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಸರಿ-ತಪ್ಪು ಗೊತ್ತಿದ್ದೂ ನಾವು ಎಡವುತ್ತೇವೆ. 1973ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಯಾಗಲು ಓದುತ್ತಿದ್ದವರನ್ನು ಭಾಷಣಕ್ಕೆಂದು ಪಕ್ಕದ ಕಟ್ಟಡಕ್ಕೆ ಕಳಿಸಿದರು. ದಾರಿಯಲ್ಲಿ ಒಬ್ಬ ನರಳುತ್ತಾ ಕುಸಿದು ಕೂತಿದ್ದ. ಬೇಕಾದಷ್ಟು ಸಮಯ ಇದೆ ಅಂದುಕೊಂಡವರಲ್ಲಿ ಶೇ. 63ರಷ್ಟು ಜನ ಸಹಾಯಕ್ಕೆ ನಿಂತರು. ತಡವಾಯಿತು ಅಂದುಕೊಂಡವರಲ್ಲಿ ಶೇ. 10 ಮಾತ್ರ. ಕೆಲವರು ಹೊರಟಿದ್ದೇ ದಾರಿಯಲ್ಲಿ ಬಿದ್ದವನನ್ನು ಕಾಪಾಡಿದವನ ಬೈಬಲ್ ಕಥೆಯ ಬಗ್ಗೆ ಮಾತಾಡೋಕೆ!

ಹಾಗಾಗಿ ದೊಡ್ಡ ದೊಡ್ಡ ಸಿದ್ಧಾಂತ ಹುಡುಕುತ್ತಾ ಕೂರಬೇಡಿ. ನೀವು ಹೇಳುವ ನೆಪಗಳ ಮೇಲೆ ಕಣ್ಣಿಡಿ. ಗೆಳೆಯ ಮನೆ ಬದಲಾಯಿಸುತ್ತಿದ್ದಾನೆ, ಸಾಮಾನು ಎತ್ತೋಕೆ ಬರ್ತೀನಿ ಅಂದಿದ್ದೀರಿ. ಬೆಳಗ್ಗೆ ಏಳೋಕೇ ಮನಸ್ಸಿಲ್ಲ. 'ಜ್ವರ ಬಂದಿದೆ ಕಣೋ' ಅಂತ ಟೈಪ್ ಮಾಡುತ್ತೀರಿ. ಅಳಿಸುತ್ತೀರಿ. 'ಸ್ವಲ್ಪ ಜ್ವರ ಬಂದ ಹಾಗಿದೆ' ಅಂತ ಬರೆಯುತ್ತೀರಿ. ಆ ತಿದ್ದುಪಡಿ ಯಾಕೆ ಬೇಕಾಯಿತು? ಸುಳ್ಳು ಅಂತ ಗೊತ್ತಿದ್ದಕ್ಕೇ ಅಲ್ವಾ? ಅಲ್ಲೇ ನಿಲ್ಲಿ. ನೀವು ಹೋಗದಿದ್ದರೆ ಬೀರುವಿನ ಇನ್ನೊಂದು ತುದಿ ಹಿಡಿಯುವವರು ಯಾರು ಅಂತ ಒಂದು ಕ್ಷಣ ಯೋಚಿಸಿ. ನಿಜಕ್ಕೂ ಆಗದಿದ್ದರೆ 'ಇವತ್ತು ಆಗ್ತಿಲ್ಲ, ಬೇರೆ ಯಾರನ್ನಾದರೂ ಹುಡುಕಿಕೊಡ್ಲಾ?' ಅಂತ ಕೇಳಿ. ಸುಳ್ಳು ಕಳಿಸಿಯೇ ಬಿಟ್ಟಿದ್ದರೆ ನಾಳೆ ಅವನಿಗೆ ನಿಜ ಹೇಳಿ, ಉಳಿದ ಸಾಮಾನು ಜೋಡಿಸೋಕೆ ಹೋಗಿ. ಬರೀ ಮನಸ್ಸಿನಲ್ಲೇ ನೊಂದುಕೊಂಡರೆ ಅವನಿಗೇನು ಬಂತು?

ನಿಜ ಹೇಳಿದರೆ ಇನ್ನೊಬ್ಬರಿಗೆ ನೋವಾಗುವಂಥ ಸಂದರ್ಭಗಳೂ ಬರುತ್ತವೆ. ಅಲ್ಲಿ ಒಬ್ಬರೇ ಕೂತು ಯೋಚಿಸಿದರೆ ಉತ್ತರ ಬಹಳ ಸಲ ನಮಗೆ ಅನುಕೂಲವಾಗಿಯೇ ಬರುತ್ತದೆ. ಅದಕ್ಕೇ, 'ನೀನು ಮಾಡಿದ್ದು ಸರಿಯಿಲ್ಲ' ಅಂತ ಮುಖಕ್ಕೆ ಹೇಳುವ ಒಬ್ಬಿಬ್ಬರನ್ನು ಹತ್ತಿರ ಇಟ್ಟುಕೊಳ್ಳಿ. ಅವರು ಧಾರ್ಮಿಕರಾಗಿದ್ದರೂ ಪರವಾಗಿಲ್ಲ.