ಚೀನೀ ಅಕ್ಷರದ ಗೆರೆಗಳು: ಯಾವುದು ಮೊದಲು, ಯಾವುದು ಆಮೇಲೆ

ಪೆನ್ನು ಕಾಗದಕ್ಕೆ ತಾಗಿದಲ್ಲಿಂದ ಮೇಲೆತ್ತುವವರೆಗೆ ಬರೆದದ್ದು ಒಂದು ಗೆರೆ, ನಡುವೆ ಎಷ್ಟು ತಿರುವಿದ್ದರೂ ಸರಿ. ಇದು ಮನಸ್ಸಿಗೆ ಕೂರದಿದ್ದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ‘ಬಾಯಿ’ ಎಂಬರ್ಥದ ಖೋವ್ ಅಕ್ಷರ ನೋಡಲು ಚೌಕ. ನಾಲ್ಕು ಬದಿ ಇದೆಯಲ್ಲ ಎಂದು ನಾಲ್ಕು ಗೆರೆ ಎಳೆಯಬೇಡಿ, ಅದಕ್ಕಿರುವುದು ಮೂರೇ. ಮೊದಲು ಎಡಬದಿ, ಮೇಲಿಂದ ಕೆಳಕ್ಕೆ. ಆಮೇಲೆ ಮೇಲಿನ ಬದಿ, ಬಲಬದಿ ಎರಡೂ ಪೆನ್ನೆತ್ತದೆ ಒಂದೇ ಎಳೆತದಲ್ಲಿ. ಕೊನೆಗೆ ತಳ. ಕನ್ನಡದ ದುಂಡಿಗೆ ಪಳಗಿದ ಕೈ ಬಲಮೂಲೆಯನ್ನು ಸೊನ್ನೆಯ ಹಾಗೆ ಬಾಗಿಸಿಬಿಡುತ್ತದೆ. ಮೂಲೆಯಲ್ಲಿ ಅರೆಕ್ಷಣ ನಿಂತು, ತುಸು ಒತ್ತಿ, ಆಮೇಲೆ ಕೆಳಗಿಳಿಯಿರಿ.

ಸಾಮಾನ್ಯ ನಿಯಮಗಳು ಒಂದು ಸಂಜೆಯಲ್ಲಿ ಬರುತ್ತವೆ. ಮೇಲಿನದು ಮೊದಲು, ಕೆಳಗಿನದು ಆಮೇಲೆ. ಎಡ ಮುಗಿದ ಮೇಲೆ ಬಲ. ಅಡ್ಡಗೆರೆ (ಹಂಗ್) ಉದ್ದಗೆರೆಯನ್ನು (ಶು) ದಾಟಿದರೆ ಅಡ್ಡ ಮೊದಲು: ‘ಹತ್ತು’ ಎಂಬ ಶಿ ಕೂಡಿಸುವ ಗುರುತಿನಂತಿದೆ, ಅದರ ಅಡ್ಡ ಮೊದಲು ಬರುತ್ತದೆ. ಹಿಂದಿಯ ತಲೆಗೆರೆಯನ್ನು ಕೊನೆಗೆ ಎಳೆದು ರೂಢಿಯಾದವರು ಇಲ್ಲಿ ಎಚ್ಚರವಾಗಿರಬೇಕು. ಎಡಕ್ಕಿಳಿಯುವ ಓರೆ (ಪ್ಯೆ) ಬಲಕ್ಕಿಳಿಯುವ ಓರೆಗಿಂತ (ನಾ) ಮೊದಲು. ‘ಸಣ್ಣದು’, ‘ನೀರು’ ಇಂಥವುಗಳಲ್ಲಿ ನಡುಗಂಬ ಮೊದಲು, ರೆಕ್ಕೆಗಳು ಆಮೇಲೆ.

ಪೆಟ್ಟಿಗೆಯೊಳಗೆ ಪೆಟ್ಟಿಗೆ ಬಂದಾಗ ಕ್ರಮದ ಬೆಲೆ ತಿಳಿಯುತ್ತದೆ. ‘ದೇಶ’ ಎಂಬ ಗುವೊ, ಈಗಿನ ಸರಳ ರೂಪದಲ್ಲಿ, 8 ಗೆರೆಗಳದ್ದು. ಎಡಬದಿ, ಆಮೇಲೆ ತಿರುವಿನ ಗೆರೆ: ಪೆಟ್ಟಿಗೆ ನಿಂತಿತು, ತಳ ಮಾತ್ರ ತೆರೆದಿದೆ. ಈಗ ಒಳಗಿನ ‘ಪಚ್ಚೆ’, ಅಂದರೆ ಯು: ಅಡ್ಡ, ಅಡ್ಡ, ಕಂಬ, ಮೂರನೆಯ ಅಡ್ಡ, ಬಲಗಡೆ ಚುಕ್ಕಿ. ಮೂರು ಅಡ್ಡವನ್ನೂ ಒಟ್ಟಿಗೆ ಎಳೆದು ಕಂಬವನ್ನು ಕೊನೆಗೆ ನೆಟ್ಟರೆ ಅದು ತಳಗೆರೆಯನ್ನು ದಾಟಿ ಕೆಳಗೆ ಇಣುಕುತ್ತದೆ. ಕಂಬ ಮೊದಲಿದ್ದರೆ ಮೂರನೆಯ ಅಡ್ಡವೇ ಅದನ್ನು ಅಡಿಯಲ್ಲಿ ಹಿಡಿದು ನಿಲ್ಲಿಸುತ್ತದೆ. 8ನೆಯ ಗೆರೆ ಪೆಟ್ಟಿಗೆಯ ತಳ. ಮೊದಲೇ ಮುಚ್ಚಿದವರಿಗೆ ಒಳಗಿನ ಐದು ಗೆರೆಗೆ ಜಾಗ ಸಾಲದೆ, ಅಕ್ಷರ ಕಿಕ್ಕಿರಿದು ಹೋಗುತ್ತದೆ.

ಎಡದಿಂದ ಕೆಳಗೆ ಹಾಸಿಕೊಂಡ ಭಾಗಗಳಲ್ಲಿ ಎರಡು ಬಗೆ. ‘ಇದು’ ಎಂಬ 7 ಗೆರೆಯ ಅಕ್ಷರದಲ್ಲಿ ನಡಿಗೆಯ ಗುರುತು ಕೊನೆಗೆ: ಒಳಗಿನ ನಾಲ್ಕು, ಆಮೇಲೆ ಅದರ ಮೂರು. ‘ಏಳು’ (ಎದ್ದೇಳು) ಎಂಬರ್ಥದ ಛಿ ಅಕ್ಷರದಲ್ಲಿ ಕೆಳಗೆ ಹಾಸಿಕೊಂಡ ‘ನಡೆ’ ಪೂರ್ತಿ ಮೊದಲೇ ಬರುತ್ತದೆ. ನೋಡಲು ಒಂದೇ ಥರ ಇರುವುದರಿಂದ ಇಲ್ಲಿ ತಪ್ಪುವುದು ಸುಲಭ.

ನಿಯಮದಿಂದ ಊಹಿಸಲಾಗದೆ ಬಾಯಿಪಾಠ ಮಾಡಲೇಬೇಕಾದ ಕೆಲವಿವೆ. ‘ಒಂಬತ್ತು’, ‘ಬಲ’ (ಶಕ್ತಿ) ಎರಡೂ ಓರೆ ಮತ್ತು ಕೊಕ್ಕೆಯ ಎರಡೇ ಗೆರೆಯವು. ಒಂಬತ್ತಿನಲ್ಲಿ ಓರೆ ಮೊದಲು, ಬಲದಲ್ಲಿ ಕೊಕ್ಕೆ ಮೊದಲು. ‘ಹೆಣ್ಣು’ ಅಕ್ಷರದಲ್ಲಿ ಅಡ್ಡಗೆರೆ ಕೊನೆಗೆ. ‘ಬೆಂಕಿ’ಯಲ್ಲಿ ಅಕ್ಕಪಕ್ಕದ ಎರಡು ಪುಟ್ಟ ಗೆರೆ ಮೊದಲು, ನಡುವಿನ ಮನುಷ್ಯಾಕಾರ ಆಮೇಲೆ. ಸರಳ ರೂಪದ ‘ಬಾಗಿಲು’ ಚುಕ್ಕಿಯಿಂದಲೇ ಶುರು.

ಯಾವ ದೇಶದ ಕ್ರಮ ಎಂಬುದನ್ನು ಮೊದಲೇ ನಿರ್ಧರಿಸಿ. ಚೀನಾದ ಈಗಿನ ಅಧಿಕೃತ ಮಾನಕ 2021ರ ಮಾರ್ಚ್ 1ರಿಂದ ಜಾರಿಯಲ್ಲಿದೆ, 8105 ಅಕ್ಷರಗಳಿಗೆ ಕ್ರಮ ಹೇಳುತ್ತದೆ. ಜಪಾನಿನ ಶಾಲೆಗಳಲ್ಲಿ ‘ಬಲಗಡೆ’ ಎಂಬ ಅಕ್ಷರ ಓರೆಯಿಂದ ಶುರುವಾದರೆ, ಚೀನಾದಲ್ಲಿ ಅಡ್ಡಗೆರೆಯಿಂದ. ‘ಹೊಲ’ದಲ್ಲಿಯೂ ವ್ಯತ್ಯಾಸವಿದೆ: ಪೆಟ್ಟಿಗೆಯ ಒಳಗೆ ಚೀನಾದಲ್ಲಿ ಅಡ್ಡ ಮೊದಲು, ಜಪಾನಿನಲ್ಲಿ ಉದ್ದ ಮೊದಲು. ಕಲಿಕೆಯ ವಿಡಿಯೊಗಳನ್ನು ಬೆರೆಸಿ ನೋಡಿದರೆ ಕೈಗೆ ಗೊಂದಲ. ಫೋನಿನಲ್ಲಿ ಗೆರೆ ಒತ್ತಿ ಟೈಪ್ ಮಾಡುವ ಕೀಲಿಮಣೆಯಲ್ಲಿ ಅಡ್ಡ, ಉದ್ದ, ಎಡ ಓರೆ, ಚುಕ್ಕಿ, ತಿರುವು ಎಂಬ ಐದೇ ಕೀಲಿ (ಬಲ ಓರೆಯೂ ಚುಕ್ಕಿಯ ಲೆಕ್ಕಕ್ಕೇ). ಅಲ್ಲಿ ಕ್ರಮ ತಪ್ಪಿದರೆ ಬೇಕಾದ ಅಕ್ಷರ ಪಟ್ಟಿಯಲ್ಲಿ ಸಿಗುವುದೇ ಕಷ್ಟ.

ಅಭ್ಯಾಸಕ್ಕೆ ಚೀನೀ ಮಕ್ಕಳು ಬಳಸುವ ನಾಲ್ಕು ಭಾಗದ ಚೌಕದ ಹಾಳೆ ಸಿಗದಿದ್ದರೆ ಗಣಿತದ ಚೌಕುಳಿ ನೋಟ್‌ಬುಕ್ ಸಾಕು. 2×2 ಚೌಕಗಳನ್ನು ಸೇರಿಸಿ ಒಂದು ಅಕ್ಷರ. ನಡುವಿನ ಎರಡು ಗೆರೆಗಳೇ ಅಳತೆಗೋಲು. ಒಂದೇ ಅಕ್ಷರವನ್ನು ಐವತ್ತು ಸಲ ಬರೆಯುವುದು ನನ್ನ ಮಟ್ಟಿಗೆ ವ್ಯರ್ಥ. ಹತ್ತನೆಯದಕ್ಕೇ ಕಣ್ಣು ಹಿಂದಿನದನ್ನು ನಕಲು ಮಾಡುತ್ತಿರುತ್ತದೆ. ನೋಡಿ ಮೂರು ಸಲ ಬರೆಯಿರಿ, ಪ್ರತಿ ಗೆರೆಯ ಹೆಸರನ್ನು ಬಾಯಲ್ಲಿ ಹೇಳುತ್ತ. ಆಮೇಲೆ ಪುಟ ಮುಚ್ಚಿ ಮೂರು ಸಲ. ಮಾರನೆಯ ದಿನ ಪುಸ್ತಕ ತೆರೆಯುವ ಮುಂಚೆ ಒಂದು ಸಲ ಬರೆದು ಗೆರೆ ಎಣಿಸಿ. ಗುವೊ 7 ಅಥವಾ 9 ಬಂದರೆ ಮೊದಲು ಬಲಮೂಲೆಯ ತಿರುವನ್ನು, ಆಮೇಲೆ ಒಳಗಿನ ಚುಕ್ಕಿಯನ್ನು ನೋಡಿ.