ವಯಸ್ಕರ ಶಿಕ್ಷಣ, ಕುಟುಂಬ ಸಾಕ್ಷರತೆ: ಸಹಿ ಹಾಕಲು ಬಂದರೆ ಸಾಕಾ?

ಹೆಬ್ಬೆಟ್ಟು ಬಿಟ್ಟು ಸಹಿ ಹಾಕಲು ಕಲಿತವರೆಲ್ಲ ಅಕ್ಷರಸ್ಥರಲ್ಲ. ಈ ಪಾಠದಲ್ಲಿ ಮೊದಲು ತಲೆಗೆ ಹೋಗಬೇಕಾದದ್ದು ಇದು. ಜನಗಣತಿಯ ಪ್ರಕಾರ 7 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರು ಅಕ್ಷರಸ್ಥರು ಅನಿಸಿಕೊಳ್ಳಬೇಕಾದರೆ ಯಾವುದಾದರೂ ಒಂದು ಭಾಷೆಯಲ್ಲಿ ಅರ್ಥ ಮಾಡಿಕೊಂಡು ಓದಬೇಕು, ಬರೆಯಲೂ ಬೇಕು. ಬರೀ ಓದಲು ಬಂದರೆ ಲೆಕ್ಕಕ್ಕಿಲ್ಲ. ‘ಅರ್ಥ ಮಾಡಿಕೊಂಡು’ ಎನ್ನುವುದಕ್ಕೆ ಅಡಿಗೆರೆ ಹಾಕಿಕೊಳ್ಳಿ.

2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇ. 75.36. ಗಂಡಸರದು 82.47, ಹೆಂಗಸರದು 68.08. ಬೆಂಗಳೂರು ನಗರ ಜಿಲ್ಲೆ ಶೇ. 87 ದಾಟಿತ್ತು. ಪರವಾಗಿಲ್ಲ ಅನಿಸುತ್ತದೆ, ಅಲ್ವಾ? ಆದರೆ ಆಗಲೇ ಈ ಜಿಲ್ಲೆಯಲ್ಲಿ 96 ಲಕ್ಷ ಜನ ಇದ್ದರು. ಚಿಕ್ಕ ಮಕ್ಕಳನ್ನು ಬಿಟ್ಟು ಲೆಕ್ಕ ಹಾಕಿದರೂ ಓದುಬರಹ ಬಾರದವರು ಸುಮಾರು 10 ಲಕ್ಷ. ಇಡೀ ಕೊಡಗಿನ ಜನಸಂಖ್ಯೆಗಿಂತ ಜಾಸ್ತಿ.

ಪರೀಕ್ಷೆಗೆ ಕೇಂದ್ರ ಸರ್ಕಾರದ ಸಾಕ್ಷರತಾ ಯೋಜನೆಗಳ ಇಸವಿಗಳನ್ನು ಬಾಯಿಪಾಠ ಮಾಡಿಬಿಡಿ. ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ 1978, ರಾಷ್ಟ್ರೀಯ ಸಾಕ್ಷರತಾ ಮಿಷನ್ 1988, ಸಾಕ್ಷರ ಭಾರತ 2009. ಈಗಿನದು 2022ರಿಂದ 2027ರವರೆಗಿನ ನವ ಭಾರತ ಸಾಕ್ಷರತಾ ಕಾರ್ಯಕ್ರಮ, ಅಂದರೆ ಉಲ್ಲಾಸ್. 1978ರಲ್ಲಿ ಗುರಿ ಇದ್ದದ್ದು 15ರಿಂದ 35ರ ವಯಸ್ಸಿನವರು. ಈಗ 15 ದಾಟಿದ ಯಾರಾದರೂ ಸೇರಬಹುದು.

ಇನ್ನು ಕಲಿಸುವ ವಿಷಯ. ಇದನ್ನು ನಾನು ಪುಸ್ತಕಕ್ಕಿಂತ ಯಶವಂತಪುರದ ಹತ್ತಿರದ ಒಂದು ಗಲ್ಲಿಯಲ್ಲಿ, ಫೀಲ್ಡ್ ವರ್ಕ್ ಮಾಡುವಾಗ ಕಲಿತೆ. ಸಂಜೆ ನಾಲ್ಕಕ್ಕೆ ಕ್ಲಾಸು ಇಟ್ಟು ಅ, ಆ, ಇ, ಈ ಅಂತ ಶುರು ಮಾಡಿದೆ. ಮೊದಲ ದಿನ ಹನ್ನೊಂದು ಜನ, ಎರಡನೇ ವಾರ ಮೂರೇ ಜನ. ಮನೆಗೆಲಸಕ್ಕೆ ಹೋಗುವ ಒಬ್ಬ ಅಕ್ಕ ನೇರವಾಗಿ ಹೇಳಿಬಿಟ್ಟರು: “ಮೇಡಂ, ನೀರು ಬರೋ ಹೊತ್ತಿಗೆ ಪಾಠ ಇಟ್ರೆ ಹೆಂಗೆ? ಆಮೇಲೆ ಈ ಅರಸ, ಅಗಸ ಕಟ್ಕೊಂಡು ನಾನೇನ್ ಮಾಡ್ಲಿ? ನನ್ ಮಗಳ ಬುಕ್ಕಲ್ಲಿ ಮಿಸ್ ಏನ್ ಬರ್ದವ್ರೆ ಅಂತ ಓದೋದು ಹೇಳ್ಕೊಡಿ.”

ಬ್ರೆಜಿಲಿನ ಶಿಕ್ಷಣ ಚಿಂತಕ ಪೌಲೋ ಫ್ರೇರೆ 1963ರಲ್ಲಿ ಅಂಜಿಕೋಸ್ ಎಂಬ ಊರಿನಲ್ಲಿ ಸುಮಾರು 300 ಕೆಲಸಗಾರರಿಗೆ ಓದು ಕಲಿಸಿದ್ದು ಹೀಗೇ, ಅವರ ಬದುಕಿನ ಪದಗಳಿಂದ. ಇಟ್ಟಿಗೆಗೆ ಅವರ ಭಾಷೆಯಲ್ಲಿ ‘ತಿಜೋಲೊ’ ಅನ್ನುತ್ತಾರೆ. ಫ್ರೇರೆ ವಿಧಾನದಲ್ಲಿ ಆ ಪದವನ್ನು ಬಿಡಿಸಿ ತ, ತೆ, ತಿ, ತೊ, ತು ಅಂತ ಸಾಲು ಹಚ್ಚುತ್ತಾರೆ. ನಮ್ಮ ಕಾಗುಣಿತವೇ ತಾನೇ! ನಾವು ಮಾತ್ರ ಅದನ್ನು ಪದದಿಂದ ಕಿತ್ತು ಸುಮ್ನೆ ಗಿಣಿಪಾಠ ಮಾಡಿಸುತ್ತೇವೆ.

ಕ್ಲಾಸನ್ನು ರಾತ್ರಿ ಎಂಟಕ್ಕೆ ಹಾಕಿ, ಮಿಸ್ ಮಕ್ಕಳ ಬುಕ್ಕಲ್ಲಿ ಬರೆಯುವಂಥ ‘ನಾಳೆ ರಜೆ’ಯಿಂದ ಮತ್ತೆ ಶುರು ಮಾಡಿದೆ. ‘ನಾ’ದಿಂದ ‘ನೀ’ಗೆ, ಅಲ್ಲಿಂದ ‘ನೀರು’. ‘ಬಸ್ಸು’ ಬಂದಾಗ ಆ ಅಕ್ಕ ಒತ್ತಕ್ಷರ ತೋರಿಸಿ, “ಇದ್ಯಾಕೆ ಕೆಳಗೆ ನೇತಾಡ್ತೈತೆ?” ಅಂದರು. ಉತ್ತರ ಹೇಳಿದ್ದು ಪಕ್ಕದಲ್ಲಿ ಕೂತಿದ್ದ ಮೂರನೇ ಕ್ಲಾಸಿನ ಮಗಳು.

ಕುಟುಂಬ ಸಾಕ್ಷರತೆ ಅಂದರೆ ಇದೇ. ಇದರಲ್ಲಿ ನಾಲ್ಕು ಭಾಗಗಳಿವೆ: ದೊಡ್ಡವರ ಕಲಿಕೆ, ಮಕ್ಕಳ ಕಲಿಕೆ, ಇಬ್ಬರೂ ಕೂತು ಕಲಿಯುವ ಹೊತ್ತು, ಮಕ್ಕಳನ್ನು ಬೆಳೆಸುವ ಬಗ್ಗೆ ಮಾತುಕತೆ. 1980ರ ದಶಕದಲ್ಲಿ ಅಮೆರಿಕದ ಕೆಂಟಕಿಯಲ್ಲಿ ಈ ಮಾದರಿ ಗಟ್ಟಿಯಾಯಿತು. ಉತ್ತರ ಬರೆಯುವಾಗ ಎಷ್ಟೋ ಜನ ‘ತಾಯಿ ಮಗುವಿಗೆ ಹೋಂವರ್ಕ್ ಮಾಡಿಸುವುದು’ ಅಂತ ಬರೆದು ಮುಗಿಸುತ್ತಾರೆ. ಮೂರನೇ ಭಾಗ ಬಿಟ್ಟರೆ ಉತ್ತರಕ್ಕೆ ಬೆನ್ನೆಲುಬೇ ಇರುವುದಿಲ್ಲ. ಇನ್ನೊಂದು ಮಾತು: ಓದು ಬಾರದ ತಾಯಿಯ ಹತ್ತಿರ ಒಗಟು, ಕಥೆ, ಸಂತೆಯ ಲೆಕ್ಕ ಎಲ್ಲ ಇರುತ್ತದೆ. ಮಗುವಿನ ಮಾತು ಬೆಳೆಯುವುದೇ ಅದರಿಂದ. ಖಾಲಿ ಸ್ಲೇಟು ಅಂದುಕೊಂಡು ಕಲಿಸಲು ಹೋಗಬೇಡಿ.

ಮೂರು ತಿಂಗಳ ಮೇಲೆ ಆ ಅಕ್ಕ ಮಗಳ ನೋಟ್‌ಬುಕ್ ಹಿಡಿದು ಬಂದರು. ಮಿಸ್ ಕೆಂಪು ಪೆನ್ನಲ್ಲಿ ಬರೆದದ್ದನ್ನು ಬೆರಳಿಟ್ಟು ಓದಿದರು: “ಮ-ನೆ ಕೆ-ಲ-ಸ ಮಾ-ಡಿ-ಲ್ಲ.” ಒಂದು ಅಕ್ಷರವೂ ತಪ್ಪಲಿಲ್ಲ. ಆಮೇಲೆ ಸಿಟ್ಟಿನಿಂದ ನನ್ನ ಮುಖ ನೋಡಿದರು.

“ಇವಳ್ಯಾಕೆ ಮನೆ ಕೆಲಸ ಮಾಡ್ಬೇಕು ಮೇಡಂ? ಅದಕ್ಕೆ ನಾನಿಲ್ವಾ?”